ಕ್ಲಾರ್ಕ್ ವಿಶ್ವವಿದ್ಯಾಲಯ ಖಾಲಿಯಾದ ವರ್ಷ

ಉದ್ಯಮ, ಆಡಳಿತ ಕ್ಷೇತ್ರದವರೂ ಕುಲಪತಿಗಳಾಗಬಹುದು ಎಂಬ ಕರಡು ನಿಯಮವನ್ನು ಯುಜಿಸಿ 2025ರ ಜನವರಿಯಲ್ಲಿ ಪ್ರಕಟಿಸಿದಂದಿನಿಂದ ಚರ್ಚೆ ಒಂದೇ ಜಾಡು ಹಿಡಿದಿದೆ. ಪ್ರಾಧ್ಯಾಪಕರೇ ಬೇಕು ಎನ್ನುವವರು ಒಂದು ಕಡೆ, ಹಣಕಾಸು ಬಲ್ಲವರು ಬರಲಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನೋಡುತ್ತಿರುವುದು ಬಯೊಡೇಟಾವನ್ನು. ಸಂಸ್ಥೆಯ ದುಡ್ಡಿನ ನಿಜಸ್ಥಿತಿ ಅಲ್ಲಿ ಪಾಠ ಮಾಡುವವರಿಗೆ ಗೊತ್ತಿರುತ್ತದೆಯೇ ಎಂದು ಕೇಳಿದವರನ್ನು ನಾನು ಕಾಣೆ. ವಿಶ್ವವಿದ್ಯಾಲಯಗಳು ಮುಳುಗುವುದು ಅಲ್ಲಿಯೇ.

ಬಯೊಡೇಟಾ ನಂಬುವವರು ಜಿ. ಸ್ಟ್ಯಾನ್ಲಿ ಹಾಲ್ ಅವರದ್ದನ್ನು ನೋಡಲಿ. ಮನೋವಿಜ್ಞಾನದಲ್ಲಿ ಅಮೆರಿಕದ ಮೊದಲ ಡಾಕ್ಟರೇಟ್ ಪಡೆದವರು (ಹಾರ್ವರ್ಡ್, 1878), ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರಾಧ್ಯಾಪಕರು. 1889ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಸಂಶೋಧನೆಗೆಂದೇ ಬಾಗಿಲು ತೆರೆದ ಕ್ಲಾರ್ಕ್ ವಿಶ್ವವಿದ್ಯಾಲಯಕ್ಕೆ ಮೊದಲ ಅಧ್ಯಕ್ಷರು. ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್, ಮಾನವಶಾಸ್ತ್ರಜ್ಞ ಫ್ರಾಂಝ್ ಬೋಆಸ್ ಅವರಂಥವರನ್ನು ಕರೆತಂದವರು. ಇದಕ್ಕಿಂತ ಅರ್ಹತೆ ಏನು ಬೇಕು?

ಮೂರೇ ವರ್ಷಕ್ಕೆ, 1892ರಲ್ಲಿ, ಅಧ್ಯಾಪಕರಲ್ಲಿ ಮೂರನೇ ಎರಡರಷ್ಟು ಮಂದಿ ಸಂಸ್ಥೆ ಬಿಟ್ಟರು. ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಹೋದರು. ಹಾಲ್ ಬಗ್ಗೆ ಬರೆಯುವವರು 1909ರಲ್ಲಿ ಅವರು ಫ್ರಾಯ್ಡ್‌ರನ್ನು ವೂಸ್ಟರ್‌ಗೆ ಕರೆಸಿದ್ದನ್ನು ಸಂಭ್ರಮದಿಂದ ಬರೆಯುತ್ತಾರೆ. ಈ ಅಂಕಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ರಾಕ್‌ಫೆಲ್ಲರ್ ದುಡ್ಡು ಹಿಡಿದು ಬಂದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ಹಾರ್ಪರ್ ಎಲ್ಲರನ್ನೂ ಸೆಳೆದುಕೊಂಡರು ಎಂಬುದು ಸಿದ್ಧ ಉತ್ತರ. ದಿನಾಂಕಗಳು ಇದನ್ನು ಒಪ್ಪುವುದಿಲ್ಲ. ಬಹುಪಾಲು ಅಧ್ಯಾಪಕರು ರಾಜೀನಾಮೆ ಮುಂದಿಟ್ಟದ್ದು 1892ರ ಜನವರಿಯಲ್ಲಿ; ಹಾರ್ಪರ್ ವೂಸ್ಟರ್‌ಗೆ ಬಂದದ್ದು ಆಮೇಲೆ, ವಸಂತದಲ್ಲಿ. ಮನೆ ಒಡೆದಿದ್ದನ್ನು ಕಂಡೇ ಅವರು ಬಂದರು.

ಒಡೆದದ್ದು ಹೇಗೆ? ಸಂಸ್ಥಾಪಕ, ವ್ಯಾಪಾರಿ ಜೋನಾಸ್ ಕ್ಲಾರ್ಕ್ ವರ್ಷದಿಂದ ವರ್ಷಕ್ಕೆ ದುಡ್ಡು ಕಡಿಮೆ ಮಾಡುತ್ತ ಹೋದರು. ಅದು ಹಾಲ್‌ಗೆ ಗೊತ್ತಿತ್ತು, ಅಧ್ಯಾಪಕರಿಗೆ ಗೊತ್ತಿರಲಿಲ್ಲ. ಸಂಸ್ಥಾಪಕರ ಇಚ್ಛೆಯೆಂದು ಹಾಲ್ ಬಾಯಿ ಬಿಡಲಿಲ್ಲ. ಕೊಟ್ಟ ಮಾತುಗಳು ಒಂದೊಂದಾಗಿ ತಪ್ಪಿದಾಗ ಅಧ್ಯಕ್ಷರೇ ಸುಳ್ಳು ಹೇಳುತ್ತಿದ್ದಾರೆ ಎಂದು ಅಧ್ಯಾಪಕರು ತಿಳಿದರು. ಬೇರೆ ಏನು ತಿಳಿಯಬೇಕಿತ್ತು? ಅದೇ ವರ್ಷದ ಜುಲೈನಲ್ಲಿ ಕ್ಲಾರ್ಕ್‌ನಲ್ಲಿಯೇ ಅಮೆರಿಕನ್ ಮನೋವಿಜ್ಞಾನ ಸಂಘ ಹುಟ್ಟಿತು, ಹಾಲ್ ಅದರ ಮೊದಲ ಅಧ್ಯಕ್ಷರಾದರು. ವಿದ್ವತ್ತಿಗೆ ಯಾವ ಕುಂದೂ ಬಂದಿರಲಿಲ್ಲ.

ಹಾಲ್ 1920ರವರೆಗೆ ಹುದ್ದೆಯಲ್ಲಿದ್ದು ದೊಡ್ಡ ಕೆಲಸ ಮಾಡಿದರು, ನಿಜ. ಮನೋವಿಜ್ಞಾನದಲ್ಲಿ ಪಿಎಚ್‌.ಡಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಫ್ರಾನ್ಸಿಸ್ ಸಮ್ನರ್, ಹಾಲ್ ಅವರ ಶಿಷ್ಯ. ಆದರೆ 1907ರಲ್ಲಿ ನೊಬೆಲ್ ಬಂದಾಗ ಮೈಕೆಲ್ಸನ್ ಷಿಕಾಗೊದ ಪ್ರಾಧ್ಯಾಪಕರು. ಮೌನ ಕಾಪಾಡಿದ್ದಕ್ಕೆ ಸಂಸ್ಥಾಪಕರ ಕೃತಜ್ಞತೆಯೂ ಸಿಗಲಿಲ್ಲ. 1900ರಲ್ಲಿ ತೀರಿಕೊಂಡ ಕ್ಲಾರ್ಕ್, ಪದವಿ ಕಾಲೇಜಿಗೆ ಹಣ ಬಿಟ್ಟು, ಅದಕ್ಕೆ ಬೇರೆಯೇ ಅಧ್ಯಕ್ಷರಿರಬೇಕು ಎಂದು ಉಯಿಲು ಬರೆದಿದ್ದರು.

ನಮ್ಮಲ್ಲಿ ಕ್ಲಾರ್ಕ್ ಸ್ಥಾನದಲ್ಲಿ ಸರ್ಕಾರವಿದೆ. ಅನುದಾನ ತಡವಾದರೆ ವಿಧಾನಸೌಧಕ್ಕೆ ಅಲೆಯುವ ಕುಲಪತಿ, ಕ್ಯಾಂಪಸ್‌ಗೆ ಮರಳಿ ‘ಬರುತ್ತದೆ, ಸ್ವಲ್ಪ ತಾಳಿ’ ಎನ್ನುತ್ತಾರೆ. ಆ ಕುರ್ಚಿಯಲ್ಲಿ ಪ್ರಾಧ್ಯಾಪಕ ಕೂತರೂ ಉದ್ಯಮಿ ಕೂತರೂ ಹೇಳುವುದು ಅದನ್ನೇ. ನಿಯಮ ತಿದ್ದುವವರು ಇದನ್ನು ಸೇರಿಸಲಿ: ಎಷ್ಟು ಮಂಜೂರಾಗಿದೆ, ಎಷ್ಟು ಬಂದಿದೆ, ಎಷ್ಟು ಬಾಕಿ ಎಂಬ ಲೆಕ್ಕವನ್ನು ಕುಲಪತಿ ಮೂರು ತಿಂಗಳಿಗೊಮ್ಮೆ ಅತಿಥಿ ಉಪನ್ಯಾಸಕರೂ ಸೇರಿದಂತೆ ಎಲ್ಲ ಬೋಧಕರ ಮುಂದಿಡಬೇಕು, ಬಾಕಿ ಉಳಿಸಿಕೊಂಡ ಇಲಾಖೆಯ ಹೆಸರು ಅದರಲ್ಲಿರಬೇಕು.