ಲ್ಯಾಬ್‌ಗಳ ಉಸ್ತುವಾರಿ ಒಂದೇ ಕಡೆ ಇರಲಿ: ಆಕ್ಷೇಪಗಳಿಗೆ ಉತ್ತರ

ಮುಂಬೈ ವಿಶ್ವವಿದ್ಯಾಲಯದ ಕಲೀನಾದಂಥ ವಿಶಾಲ ಆವರಣದಲ್ಲಿ ಕಂಪ್ಯೂಟರ್ ಲ್ಯಾಬ್ ಯಾವ ವಿಭಾಗದ್ದೇ ಆಗಿರಲಿ, ಅದರ ಉಸ್ತುವಾರಿ ಒಂದೇ ತಂಡದ ಹೊಣೆಯಾಗಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಒಂದೊಂದಕ್ಕೂ ಉತ್ತರ ಕೊಡಬೇಕು.

"ನಮ್ಮ ಲ್ಯಾಬಿನವನು ಕೂಗಿದರೆ ಬರುತ್ತಾನೆ, ಕೇಂದ್ರಕ್ಕೆ ದೂರು ಬರೆದು ಕಾಯುವವರು ಯಾರು?" ಎನ್ನುತ್ತಾರೆ. ಅವನು ರಜೆ ಹಾಕಿದ ದಿನ ಏನು ಮಾಡುವುದು? ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ದಹಿಸರ್‌ನಲ್ಲಿ ಚರ್ಚ್‌ಗೇಟ್ ಲೋಕಲ್‌ಗೆ ನುಗ್ಗಿ, ಸಾಂತಾಕ್ರೂಜ್‌ನಲ್ಲಿ ಇಳಿದು, ಬಸ್ಸು ಹಿಡಿದು ಬಂದ ವಿದ್ಯಾರ್ಥಿನಿಗೆ ಬಾಗಿಲಲ್ಲಿ ಬೀಗ ಕಂಡರೆ ಅವಳ ದಿನವೇ ಹೋಯಿತು.

ಇನ್ನು, ಉಸ್ತುವಾರಿ ಒಂದೆಡೆ ಎಂದ ಮಾತ್ರಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕೆಂದೇನಿಲ್ಲ. ಕೇರಳ 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಶಾಲೆಗಳ ಕಂಪ್ಯೂಟರ್‌ಗೆ ಬೇಕಾದ ಮುಕ್ತ ತಂತ್ರಾಂಶವನ್ನು ಕೇಂದ್ರದಲ್ಲೇ ಸಿದ್ಧಮಾಡುತ್ತಾರೆ. ಜಿಲ್ಲೆಯಲ್ಲಿ ತರಬೇತಿ ಕೊಡುವವರಿದ್ದಾರೆ, ಶಾಲೆಯಲ್ಲಿ ಹೊಣೆ ಹೊತ್ತ ಶಿಕ್ಷಕರಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗೇ ಇವೆ. ಸಿದ್ಧತೆ ಒಂದು ಕಡೆ, ಕೈಗೆ ಸಿಗುವ ಮನುಷ್ಯ ಪಕ್ಕದಲ್ಲೇ. ನಾವು ಕೇಳುವುದೂ ಅಷ್ಟನ್ನೇ.

"ಒಂದೇ ಅಚ್ಚಿಗೆ ಎಲ್ಲರನ್ನೂ ಹಾಕಿದರೆ ಸಣ್ಣ ವಿಭಾಗಗಳನ್ನು ಕೇಳುವವರಿರುವುದಿಲ್ಲ" ಎಂಬ ಆತಂಕ ಕನ್ನಡ ವಿಭಾಗದವರಲ್ಲೇ ಹೆಚ್ಚು. ಆದರೆ ಈಗ ಕಷ್ಟಪಡುತ್ತಿರುವವರೂ ಇವರೇ. ನಗರದ ಒಂದು ಸಂಸ್ಥೆಯಲ್ಲಿ ನಾನೇ ನೋಡಿದ್ದೇನೆ: ಮನೆಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧವನ್ನು ಹುಡುಗಿಯೊಬ್ಬಳು ಪೆನ್‌ಡ್ರೈವ್‌ನಲ್ಲಿ ತಂದು ತೆರೆದಳು. ಪರದೆಯ ತುಂಬ ಕೊಂಬು ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳು. ಆ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ, ಯೂನಿಕೋಡ್‌ಗೆ ಬದಲಿಸಿಕೊಡುವ ಸಾಧನವೂ ಇರಲಿಲ್ಲ. ಹಾಕಲು ಅನುಮತಿ ಕೊಡಬೇಕಾದವರು ಊರಲ್ಲೇ ಇರಲಿಲ್ಲ. ಎಲ್ಲ ಲ್ಯಾಬ್‌ಗಳಿಗೂ ಹೋಗುವ ಪಟ್ಟಿಯಲ್ಲಿ ಕನ್ನಡ ಕೀಲಿಮಣೆ, ಯೂನಿಕೋಡ್ ಫಾಂಟ್, ಪರಿವರ್ತಕ ಒಮ್ಮೆ ಸೇರಿದರೆ ಮುಗಿಯಿತು. ಅವಳು ಯಾವ ಲ್ಯಾಬಿನಲ್ಲಾದರೂ ಕೂತು ಕೆಲಸ ಮುಗಿಸಬಹುದು. ರಸಾಯನಶಾಸ್ತ್ರಕ್ಕೋ ಸಂಖ್ಯಾಶಾಸ್ತ್ರಕ್ಕೋ ಬೇಕಾದ ವಿಶೇಷ ತಂತ್ರಾಂಶವನ್ನು ಆಯಾ ವಿಭಾಗವೇ ಆರಿಸಲಿ. ಅದಕ್ಕೆ ಅಡ್ಡಿಯಿಲ್ಲ.

"2017 ಮರೆತಿರಾ?" ಎಂಬುದು ಎಲ್ಲಕ್ಕಿಂತ ಬಲವಾದ ಪ್ರಶ್ನೆ. ಮರೆತಿಲ್ಲ. ಪರದೆಯ ಮೇಲೆ ಉತ್ತರಪತ್ರಿಕೆ ತಿದ್ದುವ ಪದ್ಧತಿಯನ್ನು ಮುಂಬೈ ವಿಶ್ವವಿದ್ಯಾಲಯ ಎಲ್ಲ ಪರೀಕ್ಷೆಗಳಿಗೂ ಒಟ್ಟಿಗೇ ತಂದಿತು. 17 ಲಕ್ಷಕ್ಕೂ ಹೆಚ್ಚು ಉತ್ತರಪತ್ರಿಕೆಗಳು. ರಾಜ್ಯಪಾಲರು ಕೊಟ್ಟ ಜುಲೈ 31ರ ಗಡುವು ದಾಟಿತು. ಮುಂದಿನ ಓದಿಗೆ ಅರ್ಜಿ ಹಾಕಿದವರು ಅಂಕಪಟ್ಟಿಯಿಲ್ಲದೆ ಪರದಾಡಿದರು. ಅಕ್ಟೋಬರ್‌ನಲ್ಲಿ ಕುಲಪತಿ ಸಂಜಯ್ ದೇಶಮುಖ್ ಹುದ್ದೆ ಕಳೆದುಕೊಂಡರು. ಅಲ್ಲಿ ಮುಳುಗಿಸಿದ್ದು ಸಿದ್ಧತೆಯಿಲ್ಲದ ಆತುರ. ಹಾಗಾಗಿ ರಜೆಯಲ್ಲಿ ಎರಡು ಮೂರು ವಿಭಾಗಗಳಲ್ಲಿ ಮಾಡಿನೋಡಿ, ತಪ್ಪು ತಿದ್ದಿಕೊಂಡು ಮುಂದುವರಿಯಿರಿ ಎನ್ನುತ್ತೇನೆ. ಆದರೆ ಅದೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿಯೂ ನಡೆಯಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದೆ ಉಳಿದ ಯಂತ್ರಗಳು ಸಿಕ್ಕಿಬಿದ್ದವು. ಹೇಳುವವರು ಕೇಳುವವರಿಲ್ಲದ ಲ್ಯಾಬಿಗೆ ಈ ಅಪಾಯ ತಪ್ಪಿದ್ದಲ್ಲ.

ಕೊನೆಯ ಆಕ್ಷೇಪ, ಇದರಿಂದ ನೌಕರಿ ಹೋಗುತ್ತದೆ ಎಂಬುದು. ಒಬ್ಬನೇ ನೋಡಿಕೊಳ್ಳುವ ಲ್ಯಾಬಿನಲ್ಲಿ ಅವನಿಗೆ ಜ್ವರ ಬಂದರೂ ಬದಲಿ ಇಲ್ಲ, ತರಬೇತಿಯಿಲ್ಲ, ಬಡ್ತಿಯಿಲ್ಲ. ತಂಡದಲ್ಲಿ ಈ ಮೂರಕ್ಕೂ ದಾರಿಯಿದೆ. ಈಗಿರುವ ಯಾರನ್ನೂ ತೆಗೆಯಬಾರದು ಎಂದು ಮೊದಲ ಆದೇಶದಲ್ಲೇ ಬರೆಯಬೇಕು. ಇದೇ ನೆಪದಲ್ಲಿ ಅವರನ್ನು ಬಿಡಿಸಿ ಹೊರಗುತ್ತಿಗೆಗೆ ಕೊಡುವುದಾದರೆ, ವಿರೋಧಿಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.