ಶಾಯಿ ಬದಲಿಸುವ ಮುನ್ನ

ಗೋಕಾಕದ ಪೇಟೆಯಲ್ಲಾಗಲಿ, ಹುಕ್ಕೇರಿ ಮೂಡಲಗಿಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಸುಮ್ಮನೆ ಅಡ್ಡಾಡಿ ಬಂದವರಿಗೆ ಒಂದು ಬಗೆಯ ಅಂಗಡಿ ಕಣ್ಣಿಗೆ ಬೀಳದೆ ಇರದು. ಫೋಟೋ, ಝೆರಾಕ್ಸ್ ಎಂಬ ಹಳೆಯ ಫಲಕದ ಕೆಳಗೇ, ಕಪ್ಪಿನ ಮೇಲೆ ವಧೂವರರ ಚಿತ್ರವನ್ನೂ, ಅಂಗಿಯ ಮೇಲೆ ತರುಣ ಮಂಡಳಿಯ ಹೆಸರನ್ನೂ, ತಲೆದಿಂಬಿನ ಮೇಲೆ ತೊಟ್ಟಿಲ ಕೂಸಿನ ನಗೆಯನ್ನೂ ಮೂಡಿಸಿಕೊಡುವ ಅಂಗಡಿ ಅದು. ಗಣಕಯಂತ್ರ, ಪ್ರಿಂಟರ್, ಬಿಸಿ ಕೊಟ್ಟು ಒತ್ತುವ ಒಂದು ಯಂತ್ರ, ಇಷ್ಟಿದ್ದರೆ ಕಸುಬು ಆರಂಭವಾಯಿತು. ಪದವಿ ಮುಗಿಸಿ ನೌಕರಿಗೆ ಕಾದು ಕುಳಿತ ಹುಡುಗರಿಗೂ, ಮನೆಯಲ್ಲಿದ್ದೇ ನಾಲ್ಕು ಕಾಸು ಸಂಪಾದಿಸಬೇಕೆನ್ನುವ ಹೆಣ್ಣುಮಕ್ಕಳಿಗೂ ಇದರ ಮೇಲೆ ಕಣ್ಣು ಬಿದ್ದಿರುವುದು ಸಹಜವೇ.

ಮಕ್ಕಳ ಪಾಠ ಅಚ್ಚುಹಾಕಲೆಂದು ಕೊಂಡ ಪ್ರಿಂಟರ್ ಮನೆಯಲ್ಲಿ ಹೇಗೂ ಇದೆ. “ಅಪ್ಪಾ, ಅದರಾಗಿನ ಶಾಯಿ ತಗದು ಸಬ್ಲಿಮೇಷನ್ ಶಾಯಿ ಹಾಕಿದ್ರ ಆತು, ಹೊಸಾದು ಯಾಕ ಬೇಕು?” ಎನ್ನುತ್ತಾನೆ ಮಗ. ಪೆನ್ನಿಗೆ ನೀಲಿಯ ಬದಲು ಕಪ್ಪು ಶಾಯಿ ತುಂಬಿದಷ್ಟೇ ಸುಲಭವೆಂದು ತಂದೆಗೂ ತೋರುತ್ತದೆ. ಈ ವಾರ ಆ ತಂದೆಯೊಡನೆ ನನಗೆ ಸ್ವಲ್ಪ ಮಾತಿದೆ.

ಸಬ್ಲಿಮೇಷನ್ ಎಂಬುದಕ್ಕೆ ನಮ್ಮ ವಿಜ್ಞಾನ ಪುಸ್ತಕಗಳು ಉತ್ಪತನವೆಂದು ಹೆಸರಿಟ್ಟಿವೆ. ಗಟ್ಟಿಯಾದ ವಸ್ತು ಕರಗಿ ನೀರಾಗದೆ ನೆಟ್ಟಗೆ ಆವಿಯಾಗುವುದೇ ಉತ್ಪತನ. ಹೆಸರು ಹೊಸದೆನಿಸಿದರೂ ಸಂಗತಿ ಹೊಸದಲ್ಲ. ದೇವರ ಮನೆಯ ಡಬ್ಬಿಯಲ್ಲಿ ಕರ್ಪೂರ ಹಚ್ಚದೆಯೇ ಸವೆಯುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಈ ಶಾಯಿಯಲ್ಲಿ ಅಂಥದೇ ಸ್ವಭಾವದ ಬಣ್ಣದ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಚ್ಚಿಸಿ, ಬಟ್ಟೆಗೋ ಕಪ್ಪಿಗೋ ಹೊಂದಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತಬೇಕು. ಬಟ್ಟೆಗೆ ಸುಮಾರು ಒಂದು ನಿಮಿಷ ಸಾಕು, ಕಪ್ಪಿಗೆ ಇನ್ನಷ್ಟು ಹೊತ್ತು ಬೇಕು. ಆ ಬಿಸಿಗೆ ಬಣ್ಣ ಆವಿಯಾಗಿ ಎಳೆಯೊಳಗೆ ಹೊಕ್ಕು, ತಣಿದ ಮೇಲೆ ಅಲ್ಲಿಯೇ ನೆಲೆನಿಲ್ಲುತ್ತದೆ. ಒಗೆದರೂ ಹೋಗದು, ಮೇಲೆ ಬಳಿದ ಬಣ್ಣವಲ್ಲವಲ್ಲ!

ಆದರೆ ಹೊಕ್ಕುವುದು ಎಲ್ಲ ಎಳೆಗಳನ್ನೂ ಅಲ್ಲ. ಗೋಕಾಕ ಜಲಪಾತದ ಬದಿಯಲ್ಲಿ 1880ರ ದಶಕದಲ್ಲಿ ತಲೆಯೆತ್ತಿದ ಗಿರಣಿ ಹತ್ತಿಯ ನೂಲಿಗೆ ಹೆಸರಾದದ್ದು. ಘಟಪ್ರಭೆಯ ನೀರಿನ ಬಲದಿಂದ ಅದು ನಡೆಯಿತು. ಆ ಹತ್ತಿಗೂ ಈ ಶಾಯಿಗೂ ಕೂಡಿಬರದು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್‌ಸನ್ ಎಂಬಿಬ್ಬರು ಕಂಡುಹಿಡಿದು, ಮುಂದೆ ಟೆರಿಲಿನ್ ಎಂದು ಮನೆಮಾತಾದ ಪಾಲಿಯೆಸ್ಟರ್ ಎಳೆಯೇ ಇದಕ್ಕೆ ತಕ್ಕುದು. ಅಪ್ಪಟ ಹತ್ತಿಯ ಬನಿಯನ್ನಿನ ಮೇಲೆ ಒತ್ತಿದ ಚಿತ್ರ ನಾಲ್ಕು ಒಗೆತಕ್ಕೆ ಮಸುಕಾಗುತ್ತದೆ. ಕಪ್ಪಿಗೂ ಪಾಲಿಮರಿನ ಲೇಪವಿರಬೇಕು, ಬಟ್ಟೆಯ ಬಣ್ಣವೂ ಬಿಳಿಯೋ ತಿಳಿಯೋ ಆಗಿರಬೇಕು.

ಇನ್ನು ಶಾಯಿ ಬದಲಿಸುವ ಮಾತು. ಪ್ರಿಂಟರಿನ ತೊಟ್ಟಿಯನ್ನು ಬರಿದು ಮಾಡಿದೊಡನೆ ಹಳೆಯ ಶಾಯಿ ಹೋಯಿತೆಂದು ತಿಳಿಯುವುದೇ ಎಲ್ಲ ತೊಂದರೆಗೂ ಮೂಲ. ತೊಟ್ಟಿಯಿಂದ ಹೊರಟ ನಾಳಗಳಲ್ಲಿ, ಅವುಗಳ ತುದಿಯ ತಲೆಯಲ್ಲಿ, ಆ ತಲೆಯ ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಅದು ಉಳಿದೇ ಇರುತ್ತದೆ. ಹಳೆಯ ಶಾಯಿ ಬಿಸಿಗೆ ಆವಿಯಾಗುವ ಜಾತಿಯದಲ್ಲ. ಹೊಸದರೊಡನೆ ಬೆರೆತು ಕಾಗದಕ್ಕೆ ಇಳಿದರೂ ಅಲ್ಲಿಯೇ ಉಳಿದುಬಿಡುತ್ತದೆ. ಕೆಲವು ಯಂತ್ರಗಳ ಕಪ್ಪು ಶಾಯಿ ಪಿಗ್ಮೆಂಟ್ ಎಂಬ ಬೇರೆಯೇ ಬಗೆಯದು; ಎರಡೂ ಕೂಡಿದಲ್ಲಿ ಕೆಲವೊಮ್ಮೆ ಹೆಪ್ಪುಗಟ್ಟಿ ರಂಧ್ರ ಮುಚ್ಚಿಹೋಗುತ್ತದೆ. ಶಾಯಿಯನ್ನು ಕಾಯಿಸಿ ಹನಿ ಚಿಮ್ಮಿಸುವ ಪ್ರಿಂಟರುಗಳಂತೂ ಈ ಕೆಲಸಕ್ಕೆ ಸಲ್ಲವು. ಎಪ್ಸನ್ ಯಂತ್ರಗಳಲ್ಲಿರುವಂತೆ ಕಾಯಿಸದೆ, ಒತ್ತಿ ಚಿಮ್ಮಿಸುವ ತಲೆಯೇ ಬೇಕು.

ಮೂಡಲಗಿಯಲ್ಲಿ ಅಂಗಡಿಯಿಟ್ಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ, ಶಿಕ್ಷಕರೊಬ್ಬರ ನಿವೃತ್ತಿ ಸಮಾರಂಭಕ್ಕಾಗಿ ನಲವತ್ತು ಕಪ್ಪುಗಳ ಕೆಲಸ ಬಂದಿತ್ತು. ಹಿಂದಿನ ದಿನವಷ್ಟೇ ಶಾಯಿ ಬದಲಿಸಿದ್ದ. ನೀಲಿಯ ನಾಳದಲ್ಲಿ ಹಳೆಯದು ಉಳಿದಿತ್ತು. ಈ ಶಾಯಿಯ ಚಿತ್ರ ಕಾಗದದ ಮೇಲಿರುವಾಗ ಹೇಗೂ ಮಂಕಾಗಿಯೇ ಕಾಣುತ್ತದೆ. ಬಿಸಿ ತಾಗಿದ ಮೇಲೆಯೇ ಬಣ್ಣ ಅರಳುವುದು. ಆದ್ದರಿಂದ ದೋಷ ಅವನಿಗೆ ತಿಳಿಯಲಿಲ್ಲ. ಕಪ್ಪುಗಳೆಲ್ಲ ಒತ್ತುಯಂತ್ರದಿಂದ ಹೊರಬಂದಾಗ ಗುರುಗಳ ಮುಖ ಕಾಮಾಲೆ ಹಿಡಿದವರದಂತೆ ಹಳದಿಯಾಗಿತ್ತು. ಲೇಪದೊಳಗೆ ಹೊಕ್ಕ ಬಣ್ಣವನ್ನು ಅಳಿಸಿ ಮತ್ತೆ ಬರೆಯುವಂತಿಲ್ಲ. ನಲವತ್ತು ಕಪ್ಪುಗಳ ಬೆಲೆ ಅವನ ಮೈಮೇಲೆ ಬಂದಿತು. ಅದಕ್ಕಿಂತ ಮಿಗಿಲಾದ ನಷ್ಟವೆಂದರೆ, ಆ ಶಾಲೆಯವರು ಮುಂದಿನ ಕೆಲಸವನ್ನು ಗೋಕಾಕಕ್ಕೆ ಒಯ್ದರು.

ಹಳೆಯ ಯಂತ್ರವನ್ನೇ ಬಳಸಬೇಕೆಂಬ ಹಟವಿದ್ದರೆ ದಾರಿ ಇಲ್ಲದಿಲ್ಲ. ಪಿಚಕಾರಿಯಿಂದ ತೊಟ್ಟಿಯ ಶಾಯಿಯನ್ನು ಹೀರಿ ತೆಗೆದು, ತೊಳೆಯುವ ದ್ರವ ತುಂಬಿ, ನಾಳಗಳಲ್ಲಿ ಬಣ್ಣವೇ ಕಾಣದಾಗುವವರೆಗೆ ಹರಿಯಿಸಬೇಕು. ಬಳಿಕ ಹೊಸ ಶಾಯಿ ಹಾಕಿ, ಹಲವಾರು ಹಾಳೆಗಳನ್ನು ಅಚ್ಚಿಸಿ, ಬಿಳಿಯ ಪಾಲಿಯೆಸ್ಟರ್ ಚೂರೊಂದರ ಮೇಲೆ ಒತ್ತಿ ನೋಡಿಯೇ ಗಿರಾಕಿಯ ಕೆಲಸಕ್ಕೆ ಕೈಹಾಕಬೇಕು. ಹೀಗೆ ತೊಳೆದ ಶಾಯಿಯೆಲ್ಲ ಸೇರುವುದು ಯಂತ್ರದ ಹೊಟ್ಟೆಯಲ್ಲಿರುವ ಒಂದು ಹೀರುಮೆತ್ತೆಗೆ. ಅದು ತುಂಬಿತೆಂದು ಲೆಕ್ಕ ಸೇರಿದ ದಿನ ಎಷ್ಟೋ ಪ್ರಿಂಟರುಗಳು ಮುಷ್ಕರ ಹೂಡುತ್ತವೆ. ಬೇರೆ ಶಾಯಿ ಹಾಕಿದ ಯಂತ್ರಕ್ಕೆ ತಯಾರಕರ ಗ್ಯಾರಂಟಿಯನ್ನು ನಂಬಿ ಕೂಡುವಂತಿಲ್ಲ. ಉಳಿತಾಯವೆಂದು ಹೊರಟದ್ದರ ಲೆಕ್ಕವನ್ನು ತಂದೆಯವರೇ ಹಾಕಿ ನೋಡಲಿ. ಹೊಸ ಪ್ರಿಂಟರ್ ಕೊಂಡು, ಮೊದಲ ದಿನವೇ ಅದಕ್ಕೆ ಈ ಶಾಯಿಯೊಂದನ್ನೇ ತುಂಬುವುದು ಕಡೆಗೆ ಅಗ್ಗವೆಂದು ನನ್ನ ಎಣಿಕೆ.

ಸಬ್ಲಿಮೇಷನ್ ಶಾಯಿಯಲ್ಲೇ ಒಂದು ಕಂಪನಿಯದನ್ನು ಬಿಟ್ಟು ಇನ್ನೊಂದರದನ್ನು ಹಾಕಿದರೂ ಕಪ್ಪು ಹಸಿರಿಗೋ ಕಂದಿಗೋ ತಿರುಗುವುದುಂಟು. ಆ ಶಾಯಿಗೆಂದೇ ಸಿದ್ಧಪಡಿಸಿದ ಬಣ್ಣದ ಹೊಂದಾಣಿಕೆಯನ್ನು ಗಣಕಯಂತ್ರಕ್ಕೆ ಉಣಿಸಿದ ಹೊರತು ಇದು ಸರಿಹೋಗದು. ದಿನಗಟ್ಟಲೆ ಬಳಸದೆ ಬಿಟ್ಟರೆ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಜಾತ್ರೆಗೆ ಹೋಗುವವರು ಬಂದೊಡನೆ ಒಂದು ಹಾಳೆಯನ್ನಾದರೂ ಅಚ್ಚಿಸಲಿ.

ಮೂಡಲಗಿಯ ಹುಡುಗ ಈಗ ಎರಡು ಯಂತ್ರಗಳನ್ನು ಇಟ್ಟುಕೊಂಡಿದ್ದಾನೆ. ಒಂದರ ಮೇಲೆ ‘ಕಾಗದ’, ಇನ್ನೊಂದರ ಮೇಲೆ ‘ಕಪ್ಪು–ಬಟ್ಟೆ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾನೆ. ಶಾಯಿ ಬಾಟಲಿಗಳಿರುವ ಕಪಾಟಿನ ಬೀಗದ ಕೈ ಮಾತ್ರ ಅವನ ತಾಯಿಯ ಸೆರಗಿನಲ್ಲಿದೆ.