ಬಿದ್ದ ಮೇಲಲ್ಲ, ಬೀಳುವ ಮೊದಲೇ ನೋಡೋಣ

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಬರುತ್ತದೆ. 1966ರಲ್ಲಿ ಇದೇ ತಾರೀಖು ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ನೆನಪಿಗಾಗಿ ಈ ಆಚರಣೆ. ಆ ದಿನ ಫ್ಯಾಕ್ಟರಿ ಬಾಗಿಲಿಗೆ ಬ್ಯಾನರು ಕಟ್ಟುತ್ತಾರೆ, ಎದೆಗೆ ಬ್ಯಾಡ್ಜು ಚುಚ್ಚುತ್ತಾರೆ, ಎಲ್ಲರಿಂದ ಪ್ರತಿಜ್ಞೆ ಹೇಳಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ 5ನೇ ತಾರೀಖು ಬೆಳಿಗ್ಗೆಯೂ ಮೆಷಿನಿನ ಬೆಲ್ಟಿಗೆ ಮರೆ ಇಲ್ಲದಿದ್ದರೆ, ತೋಡಿಗೆ ಅಡ್ಡ ಹಾಕಿದ ಮರದ ದಿಮ್ಮಿ ಕೊಳೆತೇ ಇದ್ದರೆ, ಔಷಧಿ ಹೊಡೆಯುವವನು ಬರಿಗಾಲಿನಲ್ಲೇ ನಿಂತಿದ್ದರೆ, ಹಿಂದಿನ ದಿನದ ಪ್ರತಿಜ್ಞೆ ಯಾರನ್ನು ಕಾಪಾಡೀತು?

ತೋಟದಲ್ಲಿ ಯಾರಿಗಾದರೂ ಪೆಟ್ಟಾದರೆ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಆಫೀಸಿನಲ್ಲಿ 'ಅವನ ಅಜಾಗರೂಕತೆ' ಎನ್ನುತ್ತಾರೆ. ಲೈನಿನಲ್ಲಿ 'ಅವನ ಹಣೆಬರಹ' ಎನ್ನುತ್ತೇವೆ. ಈ ಎರಡು ಮಾತುಗಳೂ ಒಂದೇ ಕೆಲಸ ಮಾಡುತ್ತವೆ: ಪೆಟ್ಟು ಕೊಟ್ಟ ಜಾಗವನ್ನು ಹಾಗೆಯೇ ಬಿಟ್ಟುಬಿಡುತ್ತವೆ. ಕೆಲಸದ ಜಾಗದ ಸುರಕ್ಷತಾ ತಪಾಸಣೆ ಇದಕ್ಕೆ ತಿರುಗಾಮುರುಗ. ಅದು ಯಾರ ತಪ್ಪು ಎಂದು ಕೇಳುವುದಿಲ್ಲ. ಇಲ್ಲಿ ನಾಳೆ ಏನಾಗಬಹುದು, ಅದನ್ನು ಇಂದೇ ಹೇಗೆ ತಡೆಯಬಹುದು ಎಂದು ಕೇಳುತ್ತದೆ. ಈ ತಪಾಸಣೆ ನಮ್ಮ ತೋಟಗಳಲ್ಲಿ ಕಾಗದದ ಮೇಲಲ್ಲದೆ ಕಾಲ್ನಡಿಗೆಯಲ್ಲಿ ನಡೆಯಬೇಕು, ಅಲ್ಲಿ ದುಡಿಯುವವರೂ ಜೊತೆಯಲ್ಲಿ ನಡೆದು ನೋಡಬೇಕು ಎಂಬುದೇ ನನ್ನ ವಾದ.

ಇದು ಹೊಸ ಮಾತಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಸಣ್ಣ ಗೋಡೆ ಕಟ್ಟಿಸಬೇಕು, ಇಲ್ಲವಾದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತಾಗ ಆ ದೋಷ ಅವನ ಮನೆಯ ಮೇಲೆ ಬರುತ್ತದೆ ಎಂಬ ವಿಧಿ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಬಿದ್ದವನು ಎಚ್ಚರದಿಂದ ನಡೆಯಲಿಲ್ಲವೇಕೆ ಎಂದು ಅದು ಕೇಳುವುದಿಲ್ಲ. ಮನೆ ಯಾರದೋ ಅವನು ಮೊದಲೇ ಗೋಡೆ ಕಟ್ಟಲಿ ಎನ್ನುತ್ತದೆ. ನಮ್ಮ ದೊರೆಗಳಿಗೂ ಇದಕ್ಕಿಂತ ಹೆಚ್ಚಿನದನ್ನು ನಾವು ಹೇಳಬೇಕಾಗಿಲ್ಲ.

ಯಾವುದನ್ನು ನೋಡಬೇಕು? ಏಣಿಯಿಂದ ಪ್ರಾರಂಭಿಸೋಣ. ವಯನಾಡು, ಗೂಡಲೂರು ಕಡೆ ಮೆಣಸು ಕೊಯ್ಯಲೂ ಮರಗಸಿ ಮಾಡಲೂ ಈಗ ಅಲ್ಯೂಮಿನಿಯಂ ಏಣಿ ಬಂದಿದೆ. ಅದು ಹಗುರ, ಹೊರಲು ಸುಲಭ. ಆದರೆ ಮರಗಳ ನಡುವೆ ಹಾದುಹೋಗುವ ಕರೆಂಟು ತಂತಿಗೆ ಅದರ ತುದಿ ತಗಲಿದರೆ ಹಿಡಿದವನು ಬದುಕುವುದು ಕಷ್ಟ. ಇಂಥ ಸಾವಿನ ಸುದ್ದಿ ಕೊಯ್ಲಿನ ಕಾಲದಲ್ಲಿ ಮತ್ತೆ ಮತ್ತೆ ಪತ್ರಿಕೆಯಲ್ಲಿ ಬರುತ್ತದೆ. ಕೊಯ್ಲು ಶುರುವಾಗುವ ಮುಂಚೆ ಒಂದು ದಿನ ತೋಟ ಸುತ್ತಿ, ತಂತಿ ಹಾದುಹೋಗುವ ಸಾಲಿನ ಮರಗಳಿಗೆಲ್ಲ ಕೆಂಪು ಬಣ್ಣ ಬಳಿದರೆ ಎಷ್ಟು ಖರ್ಚು? ಆ ಮರಗಳಿಗೆ ಅಲ್ಯೂಮಿನಿಯಂ ಏಣಿ ತಾಗಿಸಕೂಡದು, ವಿದ್ಯುತ್ ಮಂಡಳಿಯವರು ಲೈನ್ ನಿಲ್ಲಿಸದೆ ಅಲ್ಲಿ ಯಾರೂ ಹತ್ತಕೂಡದು, ಏಣಿಯನ್ನು ನೆಟ್ಟಗೆ ಎತ್ತಿಕೊಂಡು ನಡೆಯದೆ ಮಲಗಿಸಿಯೇ ಸಾಗಿಸಬೇಕು ಎಂದು ನಿಯಮ ಮಾಡಿದರೆ ಯಾರಿಗೆ ನಷ್ಟ?

ಇನ್ನು ಫ್ಯಾಕ್ಟರಿ. ಸಿ.ಟಿ.ಸಿ. ಮೆಷಿನಿನಲ್ಲಿ ಹಲ್ಲುಗಳಿರುವ ಎರಡು ರೋಲರುಗಳು ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುತ್ತವೆ. ಎಲೆಯನ್ನು ಹರಿದು ಸುರುಳಿ ಮಾಡುವ ಆ ಹಲ್ಲುಗಳಿಗೆ ಎಲೆ ಯಾವುದು, ಬೆರಳು ಯಾವುದು ಗೊತ್ತಿಲ್ಲ. ಎಲೆ ಕಟ್ಟಿಕೊಂಡಾಗ ಕೈ ಹಾಕಿ ತೆಗೆಯುವುದೇ ಅಪಾಯ. ಸ್ವಿಚ್ ಆರಿಸಿದ ಮೇಲೂ ರೋಲರು ಸ್ವಲ್ಪ ಹೊತ್ತು ತಿರುಗುತ್ತದೆ. ಒಬ್ಬ ಒಳಗೆ ಕೈ ಹಾಕಿರುವಾಗ ಇನ್ನೊಬ್ಬ ಬಂದು ತಿಳಿಯದೆ ಸ್ವಿಚ್ ಒತ್ತಿದರೆ ಮುಗಿಯಿತು. ಆದುದರಿಂದ ಸ್ವಿಚ್ಚಿಗೆ ಬೀಗ ಇರಬೇಕು, ಶುಚಿ ಮಾಡುವವನ ಜೇಬಿನಲ್ಲೇ ಆ ಬೀಗದ ಕೀ ಇರಬೇಕು. ಬೆಲ್ಟಿಗೂ ಚಕ್ರಕ್ಕೂ ಭದ್ರವಾದ ಮರೆ ಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಆ ಮರೆ ಇದೆಯೋ, ರಿಪೇರಿಗೆ ಬಿಚ್ಚಿ ಮೂಲೆಗೆ ಒರಗಿಸಿದ್ದಾರೋ ಎಂಬುದು ಹಗಲಿನ ತಪಾಸಣೆಗೆ ಸಿಕ್ಕದಿರಬಹುದು. ರಾತ್ರಿ ಪಾಳಿಯಲ್ಲಿ ನೋಡಬೇಕು.

ಮೂರನೆಯದು ಔಷಧಿ. ಡಬ್ಬಿಯ ಮೇಲಿನ ಬಣ್ಣವನ್ನು ಓದು ಬಾರದವರೂ ಓದಬಹುದು. ಕೆಂಪು ಅತಿ ಘೋರ ವಿಷ, ಅದರ ನಂತರ ಹಳದಿ, ನಂತರ ನೀಲಿ, ಕೊನೆಗೆ ಹಸಿರು. ಹಸಿರು ಎಂದರೂ ವಿಷವಲ್ಲ ಎಂದಲ್ಲ. ಮೊದಲು ಕೇಳಬೇಕಾದ್ದು ಗ್ಲೌಸು ಕೊಟ್ಟರೋ ಇಲ್ಲವೋ ಎಂಬುದನ್ನಲ್ಲ. ಈ ವಿಷವೇ ಬೇಕೇ, ಇದಕ್ಕಿಂತ ಕಡಿಮೆಯದು ಸಾಲದೇ, ಕತ್ತಿಯಿಂದ ಕಳೆ ತೆಗೆದರೆ ಆಗದೇ ಎಂಬುದನ್ನು. ಆಮೇಲೆ ಪಂಪು ಸೋರುತ್ತಿದೆಯೇ, ಗಾಳಿ ಯಾವ ಕಡೆ, ಪಕ್ಕದ ಸಾಲಿನಲ್ಲಿ ಹೆಂಗಸರು ಎಲೆ ಕೀಳುತ್ತಿದ್ದಾರೆಯೇ, ಕೈಕಾಲು ತೊಳೆಯಲು ಸಾಬೂನು ನೀರು ಇದೆಯೇ ಎಂದು ನೋಡಬೇಕು. ಗ್ಲೌಸು, ಮುಖಕವಚ, ಬೂಟು ಕೊನೆಯ ರಕ್ಷಣೆ. ಅವುಗಳನ್ನೇ ಮೊದಲನೆಯದಾಗಿ ಮಾಡಿದರೆ ಭಾರವೆಲ್ಲ ಕಾರ್ಮಿಕನ ಮೈಮೇಲೆ ಬೀಳುತ್ತದೆ. ವಿಷ ತಗಲಿದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯುವ ತಾಯಿಗೂ ಈ ಲೆಕ್ಕದಲ್ಲಿ ಜಾಗವಿರಬೇಕು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಣ್ಮಕಜೆಯಂಥ ಊರುಗಳ ಕನ್ನಡ ಮನೆಗಳಲ್ಲೂ ಏಳಲಾರದ, ಮಾತಾಡಲಾರದ ಮಕ್ಕಳು ಬೆಳೆಯುತ್ತಿದ್ದರು. ಕೆಳಗಿದ್ದವರನ್ನು ಕೇಳದೆ ಮೇಲಿನವರು ನಿಶ್ಚಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತೋಟದವರಿಗೆ ಕೆಲಸದ ಜಾಗ ಸಂಜೆಗೆ ಮುಗಿಯುವುದಿಲ್ಲ. ಲೈನುಮನೆಯೂ ತೋಟದ್ದೇ. 2019ರಲ್ಲಿ ವಯನಾಡಿನ ಪುತ್ತುಮಲೆ, 2020ರ ಆಗಸ್ಟಿನಲ್ಲಿ ಮೂನಾರಿನ ಪೆಟ್ಟಿಮುಡಿ, 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲೆ. ಈ ಎಲ್ಲ ಕಡೆಯೂ ಮಣ್ಣಿನಡಿ ಸಿಕ್ಕಿದವರಲ್ಲಿ ತೋಟದ ಕುಟುಂಬಗಳಿದ್ದವು. ಪೆಟ್ಟಿಮುಡಿ ಒಂದರಲ್ಲೇ 70 ಮಂದಿ. ಗುಡ್ಡ ಕುಸಿಯುವುದನ್ನು ನಾವು ನಿಲ್ಲಿಸಲಾರೆವು. ಆದರೆ ಲೈನಿನ ಹಿಂದಿನ ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅದನ್ನು ಬರೆದಿಟ್ಟು, ಮೇಲಿನವರಿಗೆ ಮುಟ್ಟಿಸಿ, ಮಳೆಗಾಲದ ಮುಂಚೆಯೇ ಮನೆಗಳನ್ನು ಖಾಲಿ ಮಾಡಿಸಬಹುದು. ತಪಾಸಣೆಯ ಪಟ್ಟಿಯಲ್ಲಿ ಲೈನು ಇಲ್ಲದಿದ್ದರೆ ಆ ಪಟ್ಟಿ ಅರ್ಧ ಮಾತ್ರ.

ಈ ತಪಾಸಣೆಗೆ ದೊಡ್ಡ ವಿದ್ಯೆ ಬೇಕಿಲ್ಲ. ತಿಂಗಳಿಗೊಂದು ದಿನ ಐದು ಜನ ಹೊರಡಲಿ: ಆಫೀಸಿನಿಂದ ಒಬ್ಬರು, ಮೇಸ್ತ್ರಿ ಒಬ್ಬರು, ಫ್ಯಾಕ್ಟರಿಯವರೊಬ್ಬರು, ಔಷಧಿ ಹೊಡೆಯುವವರೊಬ್ಬರು, ಎಲೆ ಕೀಳುವ ಹೆಂಗಸರಲ್ಲೊಬ್ಬರು. ಕೊನೆಯವರನ್ನು ಬಿಡಬಾರದು. ಯಾವ ಇಳಿಜಾರಿನಲ್ಲಿ ಮೂಟೆ ಹೊತ್ತವರ ಕಾಲು ಜಾರುತ್ತದೆ, ಯಾವ ಪೊದೆಯಲ್ಲಿ ಕಣಜದ ಗೂಡಿದೆ, ಬೆಳಿಗ್ಗೆ ಆನೆ ಯಾವ ದಾರಿಯಲ್ಲಿ ನಿಲ್ಲುತ್ತದೆ ಎಂಬುದು ಅವರಿಗೇ ಗೊತ್ತು. ನೋಡಿದ್ದನ್ನು ನಾಲ್ಕು ಮನೆ ಹಾಕಿ ಬರೆಯಲಿ: ಎಲ್ಲಿ, ಏನು ಕಂಡಿತು, ಯಾರು ಸರಿಪಡಿಸಬೇಕು, ಯಾವ ತಾರೀಖಿನೊಳಗೆ. ಕೊನೆಯ ಎರಡು ಮನೆಗಳು ಖಾಲಿ ಇದ್ದರೆ ಅದು ತಪಾಸಣೆಯಲ್ಲ, ಬರೀ ತಿರುಗಾಟ. ಆ ಹಾಳೆಯನ್ನು ಮಸ್ಟರಿನಲ್ಲಿ ಅಂಟಿಸಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಿ. ಮುಂದಿನ ತಿಂಗಳು ಹಳೆಯ ಹಾಳೆಯಿಂದಲೇ ಶುರುವಾಗಲಿ. ಕಾಲು ಜಾರಿಯೂ ಬೀಳದೆ ಉಳಿದವರ ಮಾತನ್ನೂ ಬರೆಯಿರಿ. ಇಂದು ತಪ್ಪಿಹೋದ ಪೆಟ್ಟು ನಾಳೆಯ ಪೆಟ್ಟಿನ ಮುನ್ಸೂಚನೆ.

ಚಹಾಕ್ಕೆ ಬೆಲೆ ಇಲ್ಲ, ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಮಾಲೀಕರು ಕೇಳಬಹುದು. ತೋಟಗಳ ಕಷ್ಟ ಸುಳ್ಳಲ್ಲ. ಆದರೆ ಬಣ್ಣ, ಬೀಗ, ಬೆಲ್ಟಿನ ಮರೆ, ಕೊಳೆತ ದಿಮ್ಮಿಯ ಬದಲಿಗೆ ಗಟ್ಟಿ ಹಲಗೆ, ಇವುಗಳಿಂದ ಯಾವ ತೋಟವೂ ಮುಳುಗುವುದಿಲ್ಲ. ನಮ್ಮವರಲ್ಲೂ ಎರಡು ಹೆದರಿಕೆಗಳಿವೆ. ತಪ್ಪು ತೋರಿಸಿದವನ ಮೇಲೆ ಕಣ್ಣು ಬೀಳುತ್ತದೆ ಎಂಬುದು ಒಂದು. ಅದಕ್ಕೇ ಒಬ್ಬರು ಹೇಳುವುದು ಬೇಡ, ಐದು ಜನರ ರುಜು ಇರಲಿ. ನೋಡುತ್ತಾ ನಿಂತರೆ ಕಿಲೋ ಲೆಕ್ಕದ ಕೂಲಿ ತಪ್ಪುತ್ತದೆ ಎಂಬುದು ಇನ್ನೊಂದು. ಇದು ನ್ಯಾಯವಾದ ಮಾತು. ತಪಾಸಣೆಗೆ ಹೋದ ದಿನದ ಪೂರ್ತಿ ಕೂಲಿ ಕೊಡಿಸುವುದು ಸಂಘದ ಹೊಣೆ. ಬೋನಸ್ಸಿಗೆ ಹೋರಾಡುವಷ್ಟೇ ಗಟ್ಟಿಯಾಗಿ ಸಂಘಗಳು ಇದಕ್ಕೂ ನಿಲ್ಲಬೇಕು.

ಕಾಯಿದೆ ಏನನ್ನುತ್ತದೆ? 1951ರ ತೋಟ ಕಾರ್ಮಿಕರ ಕಾಯಿದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಸುರಕ್ಷತಾ ಸಮಿತಿ ರಚಿಸಬೇಕೆಂದು ಸರ್ಕಾರ ಆಜ್ಞೆ ಮಾಡಬಹುದು, ಮಾಡಿದಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಕೂಡದು ಎಂದು ಅದರಲ್ಲಿದೆ. ಆದರೆ 'ಮಾಡಬಹುದು' ಎಂಬ ಮಾತಿಗೆ ನಾವು ಎಷ್ಟು ವರ್ಷ ಕಾಯೋಣ? 14ನೇ ಕಲಂ ಯಾವ ಆಜ್ಞೆಗೂ ಕಾಯುವುದಿಲ್ಲ. ಕೆಲಸದಲ್ಲಿನ ಸುರಕ್ಷತೆಯ ವಿವರವನ್ನು ಕೇಳಿ ಪಡೆಯುವ ಹಕ್ಕು ಅದರಿಂದ ಪ್ರತಿ ಕೆಲಸಗಾರನಿಗೂ ಇದೆ. ಪ್ರಾಣಕ್ಕೆ ಅಪಾಯ ಎದುರಿಗಿದೆ ಎನಿಸಿದರೆ ಮಾಲೀಕರಿಗೂ ಸರ್ಕಾರಿ ಇನ್ಸ್‌ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದು. ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಿ, ನಕಲು ಇಟ್ಟುಕೊಳ್ಳಿ.

ಸಹೋದರ ಸಹೋದರಿಯರೇ, ಪೆಟ್ಟಾದ ಮೇಲೆ ಪರಿಹಾರಕ್ಕಾಗಿ ನಾವು ಆಫೀಸಿನಿಂದ ಆಫೀಸಿಗೆ ಅಲೆಯುತ್ತೇವೆ. ಅಲೆಯಲೇಬೇಕು, ಅದು ಬಿಡಲಾಗದ ಹಕ್ಕು. ಆದರೆ ಯಾವ ಪರಿಹಾರದ ಹಣವೂ ಕತ್ತರಿಸಿದ ಬೆರಳನ್ನು ತಂದುಕೊಡುವುದಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಬೇರೆ ವಿಷಯಕ್ಕೆ ಮೊದಲು ಈ ಐದು ಜನರ ಹೆಸರನ್ನು ಆರಿಸಿ, ನಡೆಯುವ ದಿನವನ್ನು ಗೊತ್ತುಮಾಡಿ, ಆಫೀಸಿಗೆ ಪತ್ರ ಕೊಡಿ. ಮಳೆ ಹಿಡಿಯುವ ಮುಂಚೆ ಒಂದು ಸುತ್ತು ಮುಗಿಯಲಿ.